ಗಿರಮಲ್ಲಪ್ಪನ ಎಡಗೈ

ರಬಕವಿಯಲ್ಲಿ ಗಿರಮಲ್ಲಪ್ಪ ಕೂತದ್ದನ್ನು ಕಂಡವರು ಕಡಿಮೆ. ಚಹಾ ಕುಡಿಯುವಾಗ ನಿಂತಿರುತ್ತಾನೆ, ಉಣ್ಣುವಾಗ ನಿಂತಿರುತ್ತಾನೆ. ಬೀಗರ ಮನೆಯ ಮದುವೆಗೆ ಹೋದರೆ ಚಪ್ಪರದ ಈ ಕಂಬದಿಂದ ಆ ಕಂಬಕ್ಕೆ ಅಡ್ಡಾಡುತ್ತಲೇ ಅಕ್ಷತೆ ಹಾಕಿ ಬರುತ್ತಾನೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಲ್ಲುವ ಆಸಾಮಿ. ಕಂಡಕ್ಟರ್ ಕೂಡಲು ಹೇಳಿದರೆ "ಇಲ್ಲೇ ಇಳೀತೀನ್ರಿ" ಅಂತಾನೆ, ಇಳಿಯುವುದು ಜಮಖಂಡಿಯಲ್ಲಿ.

ಇಂಥವನು ಹುಟ್ಟಿದ್ದು ನೇಕಾರರ ಮನೆಯಲ್ಲಿ. ನೇಕಾರನಿಗೆ ಬೇರೆ ಗುಣ ಇರಲಿ ಬಿಡಲಿ, ಕೂಡುವ ಗುಣ ಇರಲೇಬೇಕು. ಅಪ್ಪ ಅವನನ್ನು ಮನೆಯ ಕುಣಿಮಗ್ಗಕ್ಕೆ ಇಳಿಸಿ, ಕುಣಿಯಲ್ಲಿ ಕಾಲು ಬಿಟ್ಟು ಕೂಡಿಸಿ, ಅತ್ತ ತಿರುಗಿ ತಂಬಾಕು ತಿಕ್ಕುವಷ್ಟರಲ್ಲಿ ಹುಡುಗ ಬೀದಿಯಲ್ಲಿರುತ್ತಿದ್ದ. "ಇವನ ಕುಂಡ್ಯಾಗ ಇರಿವಿ ಅದಾವ" ಎಂದು ಬೈದು ಬೈದು ಸಾಕಾಗಿ ಅಪ್ಪ ಕೊನೆಗೆ ಅವನನ್ನು ಬಣ್ಣದ ಮನೆಗೆ ಸೇರಿಸಿದ. ಅಲ್ಲಿ ಕೂಡುವ ಕೆಲಸವೇ ಇಲ್ಲ. ಒಲೆಯ ಮೇಲೆ ಬಣ್ಣದ ಹಂಡೆಗಳು ಹಬೆಯಾಡುತ್ತಿರುತ್ತವೆ. ಕೋಲಿಗೆ ಸಿಕ್ಕಿಸಿದ ನೂಲಿನ ಲಡಿಗಳನ್ನು ಅದರಲ್ಲಿ ಅದ್ದಬೇಕು, ತಿರುವಬೇಕು, ಎತ್ತಬೇಕು, ಹಿಂಡಬೇಕು, ಬಿಸಿಲಿಗೆ ಹಿಡಿದು ನೋಡಿ ಬಣ್ಣ ಸಾಲದೆಂದರೆ ಮತ್ತೆ ಅದ್ದಬೇಕು. ಗಿರಮಲ್ಲಪ್ಪನಿಗೆ ಅದು ಹೇಳಿ ಮಾಡಿಸಿದ ಕೆಲಸವಾಯಿತು. ಮೀಸೆ ಹಣ್ಣಾಗುವ ತನಕ ಅವನು ಅಲ್ಲೇ ಅಡ್ಡಾಡಿದ.

ಅವನ ಹೆಂಡತಿ ಸೋಮವ್ವ ಮನೆಯಲ್ಲಿ ಕೂತು ಮಗ್ಗದವರಿಗೆ ನೂಲಿನ ಕಂಡಕಿ ಸುತ್ತಿ ಕೊಡುವವಳು. ಗಂಡ ಕೂಡುವವನಲ್ಲ ಎಂದು ತಿಳಿದ ಮೇಲೆ ಅವಳು ಊಟದ ಪದ್ಧತಿಯನ್ನೇ ಬದಲಿಸಿಬಿಟ್ಟಳು. ಅವನು ಒಲೆಯ ಪಕ್ಕ ನಿಂತುಕೊಳ್ಳಬೇಕು, ಅವಳು ಹಂಚಿನಿಂದ ಎತ್ತಿದ ಜೋಳದ ರೊಟ್ಟಿಯನ್ನು ನೇರ ಅವನ ಎಡಗೈ ಮೇಲೆ ಹಾಕಬೇಕು, ಅದರ ಮೇಲೆ ಪಲ್ಯ, ಅದರ ಮೇಲೆ ಒಂದಿಷ್ಟು ಶೇಂಗಾ ಹಿಂಡಿ, ಮೊಸರು. ರೊಟ್ಟಿಯೇ ತಾಟು. ರೊಟ್ಟಿ ಅಂಗೈಗೆ ಬಿದ್ದೊಡನೆ ಅವನು ಅದನ್ನು ಆ ಕೈಯಿಂದ ಈ ಕೈಗೆ ಹಾರಿಸುತ್ತ ಬೈಯಬೇಕು.

"ನನ್ನ ಕೈ ಸುಟ್ಟ ಬೂದಿ ಮಾಡ್ತಿ ಏನ? ಚೂರ ಆರಿಸಿ ಕೊಡಾಕ ಏನ ಧಾಡಿ ನಿನಗ?"

"ಆರಿಸಿ ಕೊಟ್ರ ತಂಗಳ ಅಂತೀರಿ. ತಿನ್ರಿ ಸುಮ್ನ."

ಮದುವೆಯಾದಾಗಿನಿಂದ ದಿನಾ ಎರಡು ಹೊತ್ತು ಇದೇ ಜಗಳ. ಒಂದು ದೀಪಾವಳಿ ಕಳೆದ ಮೇಲೆ ಯಾವಾಗಲೋ ಈ ಬೈಗುಳ ನಿಂತುಹೋಯಿತು. ರೊಟ್ಟಿ ಎಷ್ಟೇ ಬಿಸಿ ಇದ್ದರೂ ಗಿರಮಲ್ಲಪ್ಪ ತುಟಿ ಪಿಟ್ಟೆನ್ನದೆ ತಿಂದು ಹೋಗತೊಡಗಿದ. ಸೋಮವ್ವನಿಗೆ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. "ಈಗೀಗ ನಮ್ಮ ಮನ್ಯಾರು ಬಾಳ ಸಮಾಧಾನ ಆಗ್ಯಾರ" ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಅದೇ ದಿನಗಳಲ್ಲಿ ಬಣ್ಣದ ಮನೆಯಲ್ಲಿ ಗಿರಮಲ್ಲಪ್ಪನ ಎಡಗೈ ಹೆಸರುವಾಸಿಯಾಯಿತು. ಉಳಿದವರು ಕೋಲಿನಿಂದ ಎತ್ತಿ ಆರಲು ಬಿಡುವ ಲಡಿಯನ್ನು ಇವನು ಹಬೆಯಾಡುವ ಹಂಡೆಯಿಂದ ಬರಿಗೈಯಲ್ಲಿ ಗಬಕ್ಕನೆ ಎತ್ತಿ ಹಿಂಡಿಬಿಡುತ್ತಿದ್ದ. ಅಂಗೈ ಮೇಲೆ ಆಗೊಮ್ಮೆ ಈಗೊಮ್ಮೆ ಗುಳ್ಳೆ ಏಳುತ್ತಿದ್ದವು. ಬಣ್ಣಕ್ಕೆ ಹಾಕುವ ಸೋಡಾ ತೊಗಲು ತಿಂದಿರಬೇಕು ಎಂದು ಅವನು ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದ. ಬಣ್ಣಗಾರರ ಕೈ ವರ್ಷಗಳು ಕಳೆದಂತೆ ಪಳಗಿ ಗಟ್ಟಿಯಾಗುವುದು ನಿಜವೇ. ಇವನ ಕೈ ಎಲ್ಲರಿಗಿಂತ ಹೆಚ್ಚು ಪಳಗಿದೆ, ಅಷ್ಟೇ ಎಂದುಕೊಂಡರು. ಅವನೂ ಹಾಗೇ ಎಂದುಕೊಂಡ, ಸ್ವಲ್ಪ ಎದೆ ಉಬ್ಬಿಸಿಯೇ ಎಂದುಕೊಂಡ.

ಬಣ್ಣದ ಮನೆಯ ಮಾಲೀಕ ಗುರುಪಾದನಿಗಂತೂ ಇದೊಂದು ಆಟವಾಯಿತು. ಮುಧೋಳದಿಂದಲೋ ಲೋಕಾಪುರದಿಂದಲೋ ಸೀರೆಯ ವ್ಯಾಪಾರಿಗಳು ಬಂದರೆ ಚಹಾ ತರಿಸಿ, "ನಮ್ಮ ಗಿರಮಲ್ಲಪ್ಪನ ಕೈ ನೋಡ್ರಿ, ಕೈ ಅಲ್ರಿ ಅದು, ಕಬ್ಬಿಣ" ಅಂತಿದ್ದ. ಗಿರಮಲ್ಲಪ್ಪ ಹಂಡೆಗೆ ಕೈ ಹಾಕಿ ಲಡಿ ಎತ್ತಿ ತೋರಿಸುತ್ತಿದ್ದ. ವ್ಯಾಪಾರಿಗಳು ಹುಬ್ಬೇರಿಸುತ್ತಿದ್ದರು.

ಮಳೆಗಾಲದ ಕೊನೆಗೆ ವೈಶಾಲಿ ಬಂದಳು. ಇವಳು ನೆರೆಮನೆಯ ಸೊಸೆ, ಓಣಿಯ ಆಶಾ ಕಾರ್ಯಕರ್ತೆ. ಮೈಮೇಲೆ ಮಚ್ಚೆ ಇದ್ದವರನ್ನು ಹುಡುಕಿ ಎಂದು ದವಾಖಾನೆಯವರು ಮನೆಮನೆಗೆ ಕಳಿಸಿದ್ದರು. ಓಣಿಯವರೆಲ್ಲ ಸಿಕ್ಕರು, ಗಿರಮಲ್ಲಪ್ಪ ಮಾತ್ರ ಹೋದಾಗಲೆಲ್ಲ ಇಲ್ಲ. ಸಿಟ್ಟಿಗೆದ್ದು ಒಂದು ಮಧ್ಯಾಹ್ನ ಅವಳು ಬಣ್ಣದ ಮನೆಗೇ ನುಗ್ಗಿದಳು.

"ಕಾಕಾ, ಅಂಗಿ ತೋಳ ಮ್ಯಾಲ ಮಾಡ್ರಿ."

"ಹೊತ್ತಿಲ್ಲವ್ವ ನನಗ. ಹಂಡ್ಯಾಗ ಕೆಂಪ ಕಾಯಾಕತ್ತೈತಿ."

"ನೀವು ನಿಂತಲ್ಲೇ ನಿಲ್ರಿ, ನಾ ನೋಡ್ತೀನಿ."

ಎಡ ಮೊಣಕೈ ಕೆಳಗೆ ಒಂದು ಮಾಸಲು ಮಚ್ಚೆ ಇತ್ತು. ಅವನು ನಕ್ಕ. "ಬ್ಲೀಚಿಂಗ್ ಬಿದ್ದದ್ದವ್ವ ಅದು. ಇಲ್ಲಿ ಯಾರ ಕೈಮ್ಯಾಲ ಇಲ್ಲ ಹೇಳು." ಮಾತು ಖರೆಯೇ. ಅಲ್ಲಿದ್ದವರ ಕೈಗಳ ಮೇಲೆಲ್ಲ ಒಂದಿಲ್ಲೊಂದು ಬಣ್ಣ, ಒಂದಿಲ್ಲೊಂದು ಕಲೆ. ಇಂಥ ಕೈಗಳಲ್ಲಿ ಯಾವುದು ರೋಗದ ಮಚ್ಚೆ, ಯಾವುದು ಕೆಲಸದ ಮಚ್ಚೆ ಎಂದು ಹೇಳುವವರು ಯಾರು?

ವೈಶಾಲಿ ಬಿಡಲಿಲ್ಲ. ನೆಲದಲ್ಲಿ ಬಿದ್ದಿದ್ದ ಒಂದು ನೂಲಿನ ಎಳೆ ಎತ್ತಿಕೊಂಡು, "ಕಣ್ಣ ಮುಚ್ರಿ. ನಾ ಎಲ್ಲಿ ಮುಟ್ತೀನಿ, ಅಲ್ಲಿ ಬಟ್ಟ ಇಟ್ಟ ತೋರಸ್ರಿ" ಅಂದಳು. ಬಲಗೈಗೆ ಮುಟ್ಟಿಸಿದಾಗ ಅವನು ಥಟ್ಟನೆ ಬೆರಳಿಟ್ಟ. ಇಟ್ಟದ್ದಲ್ಲದೆ, "ಇದು ಎಂಬತ್ತ ನಂಬರಿನ ನೂಲು" ಎಂದು ಜಂಬವನ್ನೂ ಕೊಚ್ಚಿದ. ಸುತ್ತಲಿನವರು ನಕ್ಕರು. ಆಮೇಲೆ ಎಡಗೈ ಚಾಚಿ ಕಣ್ಣು ಮುಚ್ಚಿಕೊಂಡು ನಿಂತ. ಬಹಳ ಹೊತ್ತು ನಿಂತ. ನಿಲ್ಲುವುದು ಅವನಿಗೆ ಹೊಸದಲ್ಲ, ಆದರೆ ಅಲುಗಾಡದೆ ನಿಲ್ಲುವುದು ಆಗುವುದಿಲ್ಲ.

"ಏನವ್ವ, ಮುಟ್ಟೂದಿದ್ರ ಮುಟ್ಟು. ನನಗ ಕೆಲಸ ಐತಿ."

"ಮುಟ್ಟಾಕತ್ತೇನ್ರಿ ಕಾಕಾ."

ಅವನು ಕಣ್ಣು ತೆರೆದ. ಎಳೆ ಅವನ ಅಂಗೈಗೆ ಅಡ್ಡಲಾಗಿ ಬಿದ್ದಿತ್ತು. ಅವಳು ಅದನ್ನು ಅತ್ತಿಂದಿತ್ತ ಎಳೆಯುತ್ತಿದ್ದಳು. ನೂಲು ಮುಟ್ಟಿ ನಂಬರು ಹೇಳುವ ಬಣ್ಣಗಾರ ತನ್ನ ಅಂಗೈ ಮೇಲಿನ ನೂಲನ್ನು ನೋಡಿದ, ಅವಳ ಮುಖ ನೋಡಿದ, ಕೈ ಹಿಂದಕ್ಕೆ ಎಳೆದುಕೊಂಡು ಹಂಡೆಯ ಕಡೆ ಹೊರಟುಬಿಟ್ಟ.

ಮರುದಿನ ವೈಶಾಲಿಯೇ ಅವನನ್ನು ಜಮಖಂಡಿಯ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ದಾನೇಶ್ವರಿ ಎಂಬ ಹೆಣ್ಣುಮಗಳು, ಇದೇ ಕಡೆಯ ಮಾತಿನವರು. ಮೊಣಕೈ ಹಿಂದಿನ ನರ ಒತ್ತಿ ನೋಡಿದರು, ಮಣಿಕಟ್ಟು ಒತ್ತಿ ನೋಡಿದರು, ಕಿವಿಯ ಹಾಲೆ ಮುಟ್ಟಿ ನೋಡಿದರು. ವೈಶಾಲಿಯನ್ನು ಗುಳಿಗೆ ತರಲು ಹೊರಗೆ ಕಳಿಸಿ ರೋಗದ ಹೆಸರು ಹೇಳಿದರು. ಕುಷ್ಠ.

ಊರಲ್ಲಿ ಆ ಹೆಸರನ್ನು ಯಾರೂ ಹೇಳುವುದಿಲ್ಲ, ದೊಡ್ಡ ಬ್ಯಾನಿ ಅಂತಾರೆ. ಗಿರಮಲ್ಲಪ್ಪನಿಗೆ ಡಾಕ್ಟರು ಕುರ್ಚಿ ತೋರಿಸಿದರು. ಆದರೂ ಅವನು ಕೂಡಲಿಲ್ಲ.

"ಯಾರಿಂದ ಬಂತ್ರಿ ನನಗ?"

"ಯಾರಿಂದ ಅಂತ ಹೇಳಾಕ ಆಗೂದಿಲ್ಲ. ಗಾಳ್ಯಾಗಿಂದ ಬರೂ ಸೂಕ್ಷ್ಮ ಹುಳ ಅದು. ಬಾಳ ಸಾವಕಾಶ ಬೆಳೀತೈತಿ, ಬಂದು ವರ್ಷಗಟ್ಟಲೆ ಆಗಿರಬೇಕು. ನೂರು ಮಂದಿ ಮೈಯಾಗ ಹೊಕ್ಕರ ತೊಂಬತ್ತೈದು ಮಂದಿ ಮೈ ತಾನ ಅದನ್ನ ಗುರ್ತ ಹಿಡದು ಮುಗಿಸಿಬಿಡ್ತೈತಿ. ಬಂದದ್ದೂ ಅವರಿಗೆ ಗೊತ್ತಿರೂದಿಲ್ಲ, ಹೋದದ್ದೂ ಗೊತ್ತಿರೂದಿಲ್ಲ."

"ಮತ್ತ ನನ್ನ ಮೈಗೇನ ಧಾಡಿ ಆಗಿತ್ತರಿ?"

ಡಾಕ್ಟರು ನಕ್ಕರು. "ನಿಮ್ಮ ಮೈಗೆ ಗುರ್ತ ಸಿಗಲಿಲ್ಲ. ರಕ್ತದಾಗ ಕಾವಲಗಾರರು ಇರ್ತಾರ, ಹೊರಗಿನವರು ಬಂದ್ರ ಹಿಡದು ಹಾಕವರು. ಈ ಹುಳ ಸದ್ದ ಮಾಡ್ದಂಗ ನರದಾಗ ಸೇರಿಕೊಂಡು ಕುಂತೈತಿ. ಅದಕ್ಕ ತಂಪು ಜಾಗಾ ಬೇಕು, ಕೈಕಾಲು, ಕಿವಿ, ಮೂಗಿನ ತುದಿ. ನರ ತಿಂದು ಹಾಕಿದ ಮ್ಯಾಲ ಕೈಗೆ ಬಿಸಿ ತಣ್ಣಗ ತಿಳಿಯೂದಿಲ್ಲ. ನಿಮ್ಮ ಕೈ ಪಳಗಿಲ್ರಿ, ದಿನಾ ಬೇಯಾಕತ್ತೈತಿ."

ಇದನ್ನು ಕೇಳಿ ಅವನಿಗೆ ಆದ ಅವಮಾನ ರೋಗದ ಹೆಸರು ಕೇಳಿದಾಗಲೂ ಆಗಿರಲಿಲ್ಲ. ವ್ಯಾಪಾರಿಗಳ ಮುಂದೆ ಎಷ್ಟು ಸಲ ಮೆರೆದಿದ್ದೇನೆ! ಡಾಕ್ಟರು ಗುಳಿಗೆ ಒಂದು ವರ್ಷ ತಪ್ಪದೆ ನುಂಗಬೇಕು ಅಂದರು. ನುಂಗತೊಡಗಿದ ಮೇಲೆ ಯಾರಿಗೂ ಅಂಟುವುದಿಲ್ಲ, ಆದರೂ ಹೆಂಡತಿಯನ್ನು ಕರೆತನ್ನಿ, ರೋಗ ಬರದಂತೆ ಅವಳಿಗೂ ಒಂದು ಸಲ ಮದ್ದು ಕೊಡಬೇಕು ಅಂದರು. ಬಿಸಿ ಹಂಡೆಗೆ ಕೈ ಹಾಕಬೇಡಿ ಅಂದರು. "ಮತ್ತ ನಡುವ ಒಮ್ಮೊಮ್ಮಿ ಕೈ ಬಾತು ನೋವು..." ಎಂದು ಇನ್ನೂ ಏನೋ ಹೇಳತೊಡಗಿದ್ದರು. ಗಿರಮಲ್ಲಪ್ಪ ಆಗಲೇ ಬಾಗಿಲು ದಾಟಿದ್ದ. ಒಂದು ಕಡೆ ನಿಲ್ಲದ ಚಾಳಿ ಅವನಿಗೆ ತಂದ ನಷ್ಟಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನು ವೈಶಾಲಿಗೆ ಹೇಳಿದ, "ನಿಮ್ಮ ಕಾಕುಗ ನಾನ ಹೇಳ್ತೀನಿ. ನೀ ಬಾಯಿ ಬಿಡಬ್ಯಾಡವ್ವ."

"ಹೇಳ್ರಿ ಮತ್ತ. ಲಗೂನ ಹೇಳ್ರಿ."

ಅವನು ಹೇಳಲಿಲ್ಲ. ಇವತ್ತು ಹೇಳೋಣ ಅಂದುಕೊಂಡು ಒಲೆಯ ಹತ್ತಿರ ಹೋಗುವನು, ಸೋಮವ್ವ ತಲೆ ಎತ್ತಿದೊಡನೆ ನೀರು ಕುಡಿದು ಹೊರಗೆ ಬರುವನು. ಗುಳಿಗೆಯ ಪೊಟ್ಟಣಗಳನ್ನು ಅಪ್ಪನ ಕಾಲದ ಮಗ್ಗದ ಕುಣಿಯಲ್ಲಿ, ಮುಚ್ಚಿದ ಹಲಗೆಯ ಕೆಳಗೆ ಬಚ್ಚಿಟ್ಟ. ಮೊದಲ ದಿನ ಮದ್ದು ನುಂಗಿದ ಮೇಲೆ ಉಚ್ಚೆ ಕೆಂಪಗೆ ಹೋಯಿತು. ಜೀವಮಾನವೆಲ್ಲ ಕೆಂಪು ಕಾಯಿಸಿದವನೂ ಅದನ್ನು ನೋಡಿ ವೈಶಾಲಿಯ ಮನೆಗೆ ಓಡಿದ. ಅದು ಮದ್ದಿನ ಬಣ್ಣ, ಹೆದರಬೇಡಿ ಎಂದು ವೈಶಾಲಿ ಹೇಳಿದ ಮೇಲೆ ಜೀವ ಬಂತು. ಬರಬರುತ್ತ ಇನ್ನೊಂದು ಗುಳಿಗೆ ಅವನ ಮೈಯನ್ನು ಕಪ್ಪು ಮಾಡಿತು. ಬಣ್ಣದ ಮನೆಯವನು ತಾನೇ, ಯಾರೂ ಏನೂ ಅನ್ನಲಿಲ್ಲ.

ಮನೆಯಲ್ಲಿ ಮಾತ್ರ ಅವನು ತಾನಾಗಿ ದೂರ ಸರಿದ. ತನ್ನ ಲೋಟ ಬೇರೆ ಇಟ್ಟುಕೊಂಡ, ಹಾಸಿಗೆ ಪಡಸಾಲೆಗೆ ಎಳೆದುಕೊಂಡ. ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ರೊಟ್ಟಿಯನ್ನು ಈಗ ತಾಟಿನಲ್ಲಿ ಹಾಕಿಸಿಕೊಂಡು ಅಂಗಳಕ್ಕೆ ಒಯ್ದು ತಿನ್ನುತ್ತಿದ್ದ. ನಾನೇನು ಮಾಡಿದೆ ಎಂದು ಸೋಮವ್ವ ಕೇಳಿದರೆ "ಏನಿಲ್ಲ" ಅನ್ನುವನು. ಕೆಲಸ ಮುಗಿದ ಮೇಲೂ ಮನೆಗೆ ಬಾರದೆ ಬನಹಟ್ಟಿಯ ತನಕ ನಡೆದು ಹೋಗಿ ಬರುವನು, ಇಲ್ಲವೇ ಹೊಳೆಯ ದಂಡೆಗೆ ಹೋಗಿ ನೀರೆತ್ತುವ ಮೋಟರುಗಳ ನಡುವೆ ಅಡ್ಡಾಡುವನು. ಕಾಲಿಗೆ ಚಕ್ರ ಮೊದಲೇ ಇದ್ದವು, ಈಗ ಚಕ್ರಕ್ಕೆ ತಡೆಯೇ ಇಲ್ಲದಂತಾಯಿತು.

ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಮೊಣಕೈ ಹಿಂದೆ ಸಣ್ಣಗೆ ಜುಮುಗುಟ್ಟಿತು. ಒಂದೆರಡು ದಿನದಲ್ಲಿ ಅದು ಬೆಂಕಿಯಾಯಿತು. ಸುಮ್ಮನಿದ್ದ ಮಾಸಲು ಮಚ್ಚೆ ಕೆಂಪಗೆ ಉಬ್ಬಿ ಬಿಸಿಯಾಯಿತು. ಕೈ ಬಾತುಕೊಂಡಿತು, ಕಿರುಬೆರಳು ಮತ್ತು ಅದರ ಪಕ್ಕದ್ದು ನೆಟ್ಟಗೆ ನಿಲ್ಲದೆ ಮಡಚಿಕೊಳ್ಳತೊಡಗಿದವು. ಗುಳಿಗೆ ನುಂಗುವ ಮುನ್ನ ನೋವೇ ಇರಲಿಲ್ಲ. ಕೈ ಛಲೋ ಇತ್ತು. ನುಂಗಿದ ಮೇಲೆ ಹಾಳಾಯಿತು. ಇದಕ್ಕೆ ಬೇರೆ ಲೆಕ್ಕ ಏನು ಬೇಕು? ಉಳಿದ ಪೊಟ್ಟಣಗಳನ್ನು ಒಯ್ದು ಹಂಡೆಯ ಒಲೆಗೆ ಹಾಕಿದ. ವೈಶಾಲಿ ಬೀದಿಯಲ್ಲಿ ಸಿಕ್ಕಿ "ಗುಳಿಗಿ ನುಂಗಾಕತ್ತೀರಿಲ್ಲೋ ಕಾಕಾ?" ಅಂದರೆ "ಹೂನವ್ವ" ಎಂದು ನಿಲ್ಲದೆ ದಾಟಿಹೋದ.

ಆ ವಾರವೇ ಲೋಕಾಪುರದ ವ್ಯಾಪಾರಿಗಳು ಬಂದರು. ಗುರುಪಾದ ಎಂದಿನಂತೆ ಚಹಾ ತರಿಸಿ ಕೂಗಿದ, "ಗಿರಮಲ್ಲಪ್ಪ, ಕೈ ತೋರ್ಸು."

ಗಿರಮಲ್ಲಪ್ಪ ಇಷ್ಟು ದಿನ ಒಂದಿಲ್ಲೊಂದು ನೆಪ ಹೇಳಿ ಕೋಲಿನಿಂದಲೇ ಲಡಿ ಎತ್ತುತ್ತಿದ್ದ. "ಇವತ್ತ ಬ್ಯಾಡ ಬಿಡ್ರಿ ಸಾವ್ಕಾರ್ರ" ಅಂದ.

"ಯಾಕ? ಸೊಕ್ಕ ಬಂತೇನ್? ಅಷ್ಟ ದೂರದಿಂದ ಬಂದಾರ."

ಬೇಡ ಅಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅವನು ತೋಳು ಮೇಲೆ ಮಾಡಿ ಹಂಡೆಗೆ ಕೈ ಇಳಿಸಿದ, ಲಡಿ ಹಿಡಿದ, ಎತ್ತಿದ. ಬೆರಳುಗಳು ಬಿಗಿಹಿಡಿಯಲಿಲ್ಲ. ಲಡಿ ಜಾರಿ ಮತ್ತೆ ಹಂಡೆಗೆ ಬಿತ್ತು. ಒಬ್ಬ ವ್ಯಾಪಾರಿ ಕಿಸಕ್ಕನೆ ನಕ್ಕ. ಆ ನಗು ಕೇಳಿ ಗಿರಮಲ್ಲಪ್ಪ ಮೊಣಕೈ ತನಕ ಕೈ ಅದ್ದಿ, ತಳದಲ್ಲಿ ತಡಕಾಡತೊಡಗಿದ. ಲಡಿ ಕೈಗೆ ಸಿಕ್ಕರೂ ಸಿಕ್ಕದ್ದು ಅವನಿಗೆ ತಿಳಿಯುತ್ತಿರಲಿಲ್ಲ. ತಡಕಾಡಿದ, ಇನ್ನೂ ತಡಕಾಡಿದ. ಗುರುಪಾದನೇ ಓಡಿ ಬಂದು ಅವನ ಭುಜ ಹಿಡಿದು ಎಳೆದ. ಹೊರಗೆ ಬಂದ ಕೈಯ ತೊಗಲು ಸುಕ್ಕಾಗಿ ಸರಿದಿತ್ತು. ಅದನ್ನು ನೋಡಿ ವ್ಯಾಪಾರಿಗಳು ಮುಖ ತಿರುಗಿಸಿದರು. ಗಿರಮಲ್ಲಪ್ಪ ಮಾತ್ರ ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದ.

"ಸುಡಲಿಲ್ಲೇನೋ ನಿನಗ?" ಗುರುಪಾದ ಕೇಳಿದ.

"ಇಲ್ರಿ," ಅಂದ ಗಿರಮಲ್ಲಪ್ಪ.

ಯಾರೋ ಓಡಿ ಹೋಗಿ ಸೋಮವ್ವನಿಗೂ ವೈಶಾಲಿಗೂ ಸುದ್ದಿ ಮುಟ್ಟಿಸಿದರು. ಗುರುಪಾದ ತನ್ನ ಜೀಪಿನಲ್ಲಿ ಮೂವರನ್ನೂ ಜಮಖಂಡಿಗೆ ಒಯ್ದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡಾದವು. ಜೀಪಿನಲ್ಲಿ ನಿಲ್ಲಲು ಬರುವುದಿಲ್ಲವಾದ್ದರಿಂದ ಗಿರಮಲ್ಲಪ್ಪ ಕೂತಿದ್ದ. ವೈಶಾಲಿ ಬಾಯಿ ತೆರೆಯುವ ಮುನ್ನವೇ, ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಬಿದ್ದಾಗ, ಅವನೇ ಹೇಳಿದ.

"ನನಗ ದೊಡ್ಡ ಬ್ಯಾನಿ ಐತಿ."

ಸೋಮವ್ವ ಅವನ ಕಡೆ ತಿರುಗಿ ಕೇಳಿದಳು, "ಅದಕ್ಕ ಲೋಟ ಬ್ಯಾರೆ ಇಟ್ಟೀರೇನು?"

"ಹೂಂ."

"ನಾ ಏನೇನ ತಿಳಕೊಂಡಿದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟ ವರ್ಷ ಸಂಗಾಟ ಬಾಳೇ ಮಾಡೇವಿ. ಬರೂದಿದ್ರ ನನಗೂ ಯಾವಾಗೋ ಬರ್ತಿತ್ತು. ಒಂದ ಮಾತ ಹೇಳಾಕ ಬರಲಿಲ್ಲ ನಿಮಗ." ಉಳಿದ ದಾರಿಯುದ್ದಕ್ಕೂ ಅವಳು ಅವನ ಬಲಗೈ ಹಿಡಿದುಕೊಂಡಿದ್ದಳು.

ದಾನೇಶ್ವರಿ ಡಾಕ್ಟರು ಸುಟ್ಟ ಕೈಗೆ ಪಟ್ಟಿ ಕಟ್ಟಿಸಿದರು. ಆಮೇಲೆ ಮೊಣಕೈ ನರ ಮುಟ್ಟಿದರು. ಗಿರಮಲ್ಲಪ್ಪ ಹಲ್ಲು ಕಚ್ಚಿದ.

"ಗುಳಿಗಿ ಬಿಟ್ಟೀರಿಲ್ಲೋ?"

"ಗುಳಿಗಿಯಿಂದನ ಹಿಂಗ ಆತ್ರಿ. ಮೊದಲ ನೋವ ಇರಲಿಲ್ಲ."

"ಅದನ್ನ ಹೇಳಾಕತ್ತಿದ್ದೆ ನಾ ಅವತ್ತ. ನೀವು ನಿಂತು ಕೇಳಿದ್ರಲ್ಲ?" ಡಾಕ್ಟರು ಸಿಟ್ಟಿನಿಂದಲೇ ಶುರು ಮಾಡಿದರು, ಅವನ ಮುಖ ನೋಡಿ ದನಿ ಇಳಿಸಿದರು. "ಗುಳಿಗಿ ತಮ್ಮ ಕೆಲಸ ಮಾಡ್ಯಾವ. ಹುಳ ಸತ್ತಾವ, ಅವುಗಳ ಚೂರು ಹೊರಗ ಬಿದ್ದಾವ. ನಿಮ್ಮ ಮೈಯಾಗಿನ ಕಾವಲಗಾರರಿಗೆ ಈಗ ಗೊತ್ತಾಗೈತಿ, ಇಷ್ಟ ವರ್ಷ ಒಳಗ ಕಳ್ಳ ಕುಂತಿದ್ದ ಅಂತ. ಸಿಟ್ಟಿಗೆದ್ದು ಎಲ್ಲಾರೂ ಒಮ್ಮೆಲೆ ನುಗ್ಗ್ಯಾರ. ನರ ಅಂದ್ರ ಸಣ್ಣ ಓಣಿ ಇದ್ದಂಗ. ಅಷ್ಟ ಮಂದಿ ಅಂಥಾ ಓಣ್ಯಾಗ ಬಡದಾಡಿದ್ರ ಆಜೂಬಾಜೂ ಗ್ವಾಡಿ ಬೀಳ್ತಾವ. ಕೈ ಬಾತದ್ದು, ಬೆರಳ ಮಡಚಿದ್ದು ಅದಕ್ಕ."

ಗಿರಮಲ್ಲಪ್ಪ ತನ್ನ ಕೈ ನೋಡಿಕೊಂಡ. "ಹಂಗಾರ ಈ ನೋವು ಬ್ಯಾನೀದಲ್ಲ?"

"ನಿಮ್ಮ ಮೈ ಎಚ್ಚರ ಆಗಿದ್ದು. ಆದ್ರ ಎಚ್ಚರ ಆಗಿ ತನ್ನ ಮನೀನ ಕೆಡವಾಕತ್ತೈತಿ. ಅದರ ಸಿಟ್ಟ ಇಳಿಸಾಕ ಬ್ಯಾರೆ ಗುಳಿಗಿ ಕೊಡ್ತೀನಿ. ಹಳೇ ಗುಳಿಗೀನೂ ಬಿಡಂಗಿಲ್ಲ. ಮತ್ತ ಕೈ ಅಲುಗಬಾರದು. ಪಟ್ಟಿ ಕಟ್ಟಿ ಕುಂದರ್ರಿ. ಕುಂದ್ರೂದ ಅರ್ಧಾ ಮದ್ದು."

ಸೋಮವ್ವ, ವೈಶಾಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕುಂತ್ರ ಕೈ ಬರ್ತೈತ್ರಿ?" ಅವನು ಕೇಳಿದ.

"ಕಿರುಬೆರಳಿನ ಮಾತ ಬಿಡ್ರಿ, ಆ ನರ ಒಳಗ ಬಾಳ ದಿನದಿಂದ ಕೆಟ್ಟೈತಿ. ಅಂಗೈ ನರ ಇನ್ನೂ ಪೂರ್ತಿ ಸತ್ತಿಲ್ಲ, ಬರಬಹುದು. ಬರದಿದ್ರ ಬಣ್ಣದ ಮನೀ ಕಡೆ ಹಾಯಬ್ಯಾಡ್ರಿ. ಬಿಸಿ ತಿಳಿಯದ ಕೈ ತಗೊಂಡು ಒಲಿ ಹತ್ತರ ಕೆಲಸ ಮಾಡೂದು ಸಾಧ್ಯ ಇಲ್ಲ."

ಅಂದರೆ ಈಗ ಕೂಡಬೇಕು, ಇಲ್ಲವಾದರೆ ಜೀವಮಾನವೆಲ್ಲ ಕೂಡಬೇಕು. ಗಿರಮಲ್ಲಪ್ಪನಿಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೆದರಿಸಿರಲಿಲ್ಲ.

ಸೋಮವ್ವ ಅಲ್ಲೇ ತನ್ನ ಪಾಲಿನ ಮದ್ದು ನುಂಗಿದಳು. ಮನೆಗೆ ಬಂದವಳೇ ಅವನ ಬೇರೆ ಲೋಟವನ್ನು ಬೋರಲು ಹಾಕಿ ಅಟ್ಟಕ್ಕೆ ಎಸೆದಳು, ಹಾಸಿಗೆ ಒಳಗೆ ತಂದಳು. ಮಗ್ಗದ ಕುಣಿಯ ಹಲಗೆ ತೆಗೆದು ಅದರ ಅಂಚಿಗೆ ಕಂಬಳಿ ಹಾಸಿ, "ಇಲ್ಲಿ ಕಾಲ ಬಿಟಗೊಂಡ ಕುಂದರ್ರಿ" ಅಂದಳು. ಅಪ್ಪನಿಂದ ಆಗದ ಕೆಲಸ ಹೆಂಡತಿಯಿಂದ ಆಯಿತು. ಬಾತ ಕೈಯನ್ನು ಒಂದು ಸಣ್ಣ ಹಲಗೆಗೆ ಕಟ್ಟಿ ದಿಂಬಿನ ಮೇಲೆ ಇಟ್ಟುಕೊಂಡು ಗಿರಮಲ್ಲಪ್ಪ ಆ ಕುಣಿಯಲ್ಲಿ ಕೂತ.

ಕೂತ ಅಂದರೆ ಹೇಗೆ ಕೂತ! ಕೈ ಸುಮ್ಮನಿದ್ದರೆ ಕಾಲು ಆಡುತ್ತಿತ್ತು, ಕಾಲು ಹಿಡಿದರೆ ಕುತ್ತಿಗೆ ಆಡುತ್ತಿತ್ತು. ಬೀದಿಯಲ್ಲಿ ಯಾವ ಗಾಡಿ ಹೋಯಿತು ಎಂದು ಇಣುಕುವನು. ಅಕ್ಕಪಕ್ಕದ ಮಗ್ಗಗಳ ಖಟಖಟದಲ್ಲಿ ಯಾವುದು ತಪ್ಪಿತು ಎಂದು ಇಲ್ಲಿಂದಲೇ ಬೈಯುವನು. ಸೋಮವ್ವ ಪಕ್ಕದಲ್ಲಿ ಚರಕ ಇಟ್ಟುಕೊಂಡು ಕಂಡಕಿ ಸುತ್ತುತ್ತ, ಅವನು ಏಳಲು ಹವಣಿಸಿದರೆ ಕಣ್ಣು ಬಿಡುವಳು. ಸುಟ್ಟ ಗಾಯ ಮಾಗಿದ ಮೇಲೆ ಸಂಜೆಗೊಮ್ಮೆ ಕೈಯ ಹಲಗೆ ಬಿಚ್ಚಿ ಎಣ್ಣೆ ಸವರಿ, ಅವನ ಕಣ್ಣು ಮುಚ್ಚಿಸಿ, ನೂಲಿನ ಎಳೆ ಅಂಗೈಗೆ ಮುಟ್ಟಿಸುವಳು.

"ಎಲ್ಲಿ?"

"ಮುಟ್ಟಿ ಏನ?"

"ಇಲ್ಲ," ಎಂದು ಅವಳು ಸುಳ್ಳು ಹೇಳುವಳು.

ಬಣ್ಣದ ಮನೆಯ ಒಬ್ಬಿಬ್ಬರು ಈ ಓಣಿಗೆ ಕಾಲಿಡುವುದನ್ನೇ ಬಿಟ್ಟರು. ಗುರುಪಾದ ಮಾತ್ರ ಆಗಾಗ ಬಂದು ಕುಣಿಯ ಅಂಚಿಗೆ ಕೂತು, ಸೋಮವ್ವ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದ. ಕೈ ತೋರಿಸು ಎಂದು ಅವತ್ತು ಕೂಗಿದ್ದು ಅವನನ್ನು ಕೊರೆಯುತ್ತಿತ್ತು. ಒಂದು ದಿನ ನೆಲ ನೋಡುತ್ತ, "ನಿನ್ನ ಜಾಗಾ ಹಂಗ ಐತಿ. ಕೋಲ ಹಿಡದ ಕೆಲಸ ಮಾಡಾಕ ಬಾ" ಅಂದ. "ಡಾಕ್ಟರು ಹೂಂ ಅನ್ನಬೇಕಲ್ರಿ" ಅಂದ ಗಿರಮಲ್ಲಪ್ಪ. ಆ ದಿನ ಅವನ ಕಾಲು ಕೂಡ ಆಡಲಿಲ್ಲ. ಅದನ್ನು ನೋಡಿ ಸೋಮವ್ವನಿಗೆ ಹೆದರಿಕೆಯಾಯಿತು. ಅಡ್ಡಾಡುವ ಗಂಡನನ್ನು ಅವಳು ಸಂಭಾಳಿಸಬಲ್ಲಳು, ಸುಮ್ಮನೆ ಕೂತವನನ್ನು ಹೇಗೆ ಸಂಭಾಳಿಸುವುದು?

ಬಾವು ಇಳಿಯಿತು, ನೋವು ಹೋಯಿತು, ಮಚ್ಚೆ ಮತ್ತೆ ಮಾಸಲಾಯಿತು. ಯುಗಾದಿಯ ಮುಂಚೆ ಡಾಕ್ಟರು ಹಲಗೆ ಬಿಚ್ಚಿಸಿ, ಅಡ್ಡಾಡಿರಿ ಅಂದರು. ಅಂಗೈಯ ವಿಷಯ ಕೇಳಿದ್ದಕ್ಕೆ ಇನ್ನೂ ನೋಡೋಣ ಅಂದರಷ್ಟೇ. ನೋಡೋಣ ಅನ್ನುವ ಮಾತಿನ ಅರ್ಥ ಅವನಿಗೆ ಗೊತ್ತಿತ್ತು. ಬಣ್ಣ ಕೆಟ್ಟ ಲಡಿ ಹಿಡಿದು ಅವನೂ ವ್ಯಾಪಾರಿಗಳಿಗೆ ಎಷ್ಟೋ ಸಲ ಅದನ್ನೇ ಹೇಳಿದ್ದ. ಊಟಕ್ಕೆ ಮತ್ತೆ ಒಲೆಯ ಪಕ್ಕ ನಿಲ್ಲತೊಡಗಿದ. ಸೋಮವ್ವ ರೊಟ್ಟಿಯನ್ನು ಬುಟ್ಟಿಯಲ್ಲಿ ಆರಿಸಿ, ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ತಾಟಿಗೆ ಹಾಕಿ ಕೊಡುತ್ತಿದ್ದಳು. ಅವನು ತಂಗಳು ಎಂದು ಬೈಯಲಿಲ್ಲ. ಸುಮ್ಮನೆ ತಿಂದು, ಸುಮ್ಮನೆ ಕೈ ತೊಳೆದು, ಹೋಗಿ ಮತ್ತೆ ಕುಣಿಯಲ್ಲಿ ಕೂತುಕೊಳ್ಳುತ್ತಿದ್ದ, ಯಾರೂ ಹೇಳದಿದ್ದರೂ.

ಒಂದು ಮುಂಜಾನೆ ವೈಶಾಲಿ ಮುಂದಿನ ತಿಂಗಳ ಗುಳಿಗೆ ಕೊಡಲು ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮಾತಿಗೆ ತೊಡಗಿದಳು. ಯಾರದೋ ಸೊಸೆ ಯಾರಿಗೋ ಏನೋ ಅಂದಳಂತೆ. ಸೋಮವ್ವನಿಗೆ ಆ ಸುದ್ದಿ ಬಹಳ ರುಚಿಯಾಗಿತ್ತು. ರೊಟ್ಟಿ ಬಡಿಯುತ್ತ, ಬೇಯಿಸುತ್ತ, ಹೂಂಗುಟ್ಟುತ್ತ ಅವಳು ಮೈಮರೆತಿದ್ದಳು. ಗಿರಮಲ್ಲಪ್ಪ ಬಂದು ತನ್ನ ಜಾಗದಲ್ಲಿ ನಿಂತು ಹಳೆಯ ಚಾಳಿಯಂತೆ ಎಡಗೈ ಚಾಚಿದ. ಅವಳು ಅವನ ಕಡೆ ನೋಡಲಿಲ್ಲ. ಹಳೆಯ ಚಾಳಿಯಂತೆ ಹಂಚಿನ ಮೇಲಿನ ಉಬ್ಬಿದ ರೊಟ್ಟಿ ಎತ್ತಿ ಆ ಕೈ ಮೇಲೆ ಹಾಕಿಬಿಟ್ಟಳು.

ಹಾಕಿದ ಮೇಲೆ ಎಚ್ಚರವಾಯಿತು. ಅವಳು "ಅಯ್ಯ ನನ್ನ ಶಿವನ" ಎಂದು ರೊಟ್ಟಿ ಕಸಿದುಕೊಳ್ಳಲು ಏಳುವಷ್ಟರಲ್ಲಿ ಅದು ಅವನ ಕೈಯಲ್ಲಿ ಇರಲೇ ಇಲ್ಲ. ಬಲಗೈಗೆ ಹಾರಿತ್ತು, ಅಲ್ಲಿಂದ ನೆಲಕ್ಕೆ ಬಿದ್ದಿತ್ತು. ಗಿರಮಲ್ಲಪ್ಪ ಎಡಗೈಯನ್ನು ಜಾಡಿಸುತ್ತ ಬಾಯಿ ಮಾಡತೊಡಗಿದ್ದ.

"ನನ್ನ ಕೈ ಸುಟ್ಟ ಬೂದಿ ಮಾಡ್ತಿ ಏನ? ಕಣ್ಣ ಎಲ್ಲಿ ಇಟ್ಟಿ? ಚೂರ ಆರಿಸಿ ಕೊಡಾಕ..."

ಅಲ್ಲಿಗೆ ಅವನ ಮಾತು ನಿಂತಿತು. ಅವನು ತನ್ನ ಅಂಗೈ ನೋಡಿಕೊಂಡ. ಕಿರುಬೆರಳು ಮಡಚಿಕೊಂಡೇ ಇತ್ತು, ಅದರ ಪಕ್ಕದ್ದೂ ಅಷ್ಟಕ್ಕಷ್ಟೇ. ನಡುವಿನ ಅಂಗೈ ಮಾತ್ರ ಕೆಂಪಗಾಗಿ ಚುರುಗುಟ್ಟುತ್ತಿತ್ತು. ವೈಶಾಲಿ ಹೊಸ್ತಿಲಲ್ಲಿ ಎದ್ದು ನಿಂತಿದ್ದಳು. ಸೋಮವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಒಲೆಯ ಮುಂದೆ ಕುಸಿದು ಕೂತಳು. ಖಾಲಿ ಹಂಚು ಕಾದು ಹೊಗೆಯಾಡುತ್ತಿದ್ದರೂ ಅವಳಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಮೂಗು, ಕೆನ್ನೆ ಎಲ್ಲ ಹಿಟ್ಟಾಗಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಇನ್ನೊಮ್ಮಿ ಬೈರಿ," ಅಂದಳು.